ಮುಳ್ಳು ಇಳಿದ ಗಾಡಿ

“ಮನಸ್ಸು ಕುದಿಯುವುದು ನಿಂತುಹೋದರೆ ಅದು ಶಾಂತಿಯೇ, ಬುದ್ಧಿ?” ಎಂದು ಮರಿಬಸವ ತನ್ನ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ಅವರಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಪ್ರಶ್ನೆ ಕೇಳಿದ ಮೇಲೂ ಅವರು ನಿಲ್ಲಲಿಲ್ಲ.

“ಯಾರ ಮನಸ್ಸು?”

“ನನ್ನದೇ, ಬುದ್ಧಿ. ನಿನ್ನೆ ನನ್ನ ತಂಗಿ ಬಂದಿದ್ದಳು. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದ್ದಾರೆ. ಎಳೆ ಮಗುವನ್ನು ಮಾತ್ರ ಒಳಗೇ ಇಟ್ಟುಕೊಂಡಿದ್ದಾರೆ. ‘ನನ್ನ ಜೊತೆ ಬಂದು ಒಂದು ಮಾತು ಕೇಳಣ್ಣ’ ಎಂದು ಕಾಲು ಹಿಡಿದಳು. ಮೊದಲಾಗಿದ್ದರೆ ಮೈಯೆಲ್ಲ ಉರಿದು ನಿಂತ ಕಾಲಲ್ಲೇ ಹೊರಡುತ್ತಿದ್ದೆ. ನಿನ್ನೆ ನನಗೆ ಏನೂ ಆಗಲಿಲ್ಲ. ವಿಭೂತಿ ಕೊಟ್ಟೆ. ಎಲ್ಲ ಶಿವನಿಚ್ಛೆ ಎಂದು ಹೇಳಿ ಕಳಿಸಿಕೊಟ್ಟೆ. ರಾತ್ರಿ ಒಳ್ಳೆಯ ನಿದ್ದೆಯೂ ಬಂತು. ನಿಮ್ಮ ಪಾದದ ಹತ್ತಿರ ಇಷ್ಟು ಕಾಲ ಕಳೆದದ್ದು ಸಾರ್ಥಕವಾಯಿತು ಅನ್ನಿಸಿತು.”

ಗುರುಗಳು ಈಗ ನಿಂತರು. ಅವರ ಮುಖ ಕೆಂಪಗಾಗಿತ್ತು.

“ಒಳ್ಳೆಯ ನಿದ್ದೆ ಬಂತೋ! ಭೇಷ್! ಕೂತ್ಕೋ ಅಲ್ಲಿ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಬಾಯಿ ಹಾಕಬೇಡ.”

ಮರಿಬಸವ ಕೂತ. ಗುರುಗಳು ನಿಂತುಕೊಂಡೇ ಹೇಳತೊಡಗಿದರು.

ಒಬ್ಬ ಬಳೆಗಾರ ಇದ್ದ. ಅವನಿಗೂ ಅವನ ಹೆಂಡತಿಗೂ ಊರು ಅಂತ ಇರಲಿಲ್ಲ, ಮನೆ ಅಂತ ಇರಲಿಲ್ಲ. ಇದ್ದದ್ದು ಒಂದು ಗಾಡಿ. ಎತ್ತಿನ ಗಾಡಿ ಅಂದುಕೊಂಡೆಯಾ? ಅಲ್ಲ. ಮೂತಿ ಮುಂದಕ್ಕೆ ಚಾಚಿಕೊಂಡ ಹಳೇ ಕಾಲದ ಬಸ್ಸು. ಸೀಟುಗಳನ್ನು ಕಿತ್ತು ಒಳಗೆ ಮಂಚ ಹಾಕಿದ್ದರು, ಒಲೆ ಇಟ್ಟಿದ್ದರು, ದೇವರಿಗೆ ಒಂದು ಗೂಡು ಮಾಡಿದ್ದರು. ಅದರಲ್ಲೇ ಊರಿಂದ ಊರಿಗೆ ಹೋಗಿ ಬಳೆ ಮಾರುವುದು, ಅದರಲ್ಲೇ ಉಣ್ಣುವುದು, ಅದರಲ್ಲೇ ಮಲಗುವುದು. ಗಾಡಿ ಓಡಿದರೆ ಸಂಸಾರ ಓಡಿತು. ಗಾಡಿ ಕೆಟ್ಟರೆ ಇಬ್ಬರೂ ಬೀದಿಗೆ ಬಿದ್ದಹಾಗೆ.

ಎಂಜಿನ್ ಅನ್ನುವುದು ಕಾಯುತ್ತದೆ. ಓಡಬೇಕಾದರೆ ಕಾಯಲೇಬೇಕು. ಆದರೆ ಅತಿಯಾಗಿ ಕಾದರೆ ಉಳಿಯುವುದಿಲ್ಲ. ಅದಕ್ಕೇ ಅದರ ಮೈ ಸುತ್ತ ನೀರು ಓಡುತ್ತಿರಬೇಕು. ಆ ನೀರು ಎಂಜಿನ್ನಿನ ಬಿಸಿಯನ್ನು ತನ್ನ ಮೇಲೆ ಹೊತ್ತು ಮುಂದಿನ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ಒಂದಿಷ್ಟು ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ಇಷ್ಟೇ ವಿದ್ಯೆ. ಇದರಲ್ಲಿ ದೊಡ್ಡ ವೇದಾಂತವೇನೂ ಇಲ್ಲ.

ಈ ನೀರಿನ ಕೆಲಸ ಹೆಂಡತಿಯದು. ಬೆಳಿಗ್ಗೆ ಎದ್ದವಳೇ ಗಾಡಿಯ ಅಡಿಗೆ ಬಗ್ಗಿ ನೋಡುವಳು. ನೆಲ ಒಣಗಿದ್ದರೆ ಸರಿ, ಒದ್ದೆಯಾಗಿದ್ದರೆ ಎಲ್ಲೋ ಸೋರಿದೆ. ರಬ್ಬರ್ ಪೈಪನ್ನು ಹಿಸುಕಿ ನೋಡುವಳು, ಮೆತ್ತಗಾಗಿದೆಯೋ ಬಿರುಕು ಬಿಟ್ಟಿದೆಯೋ ಎಂದು. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುವಳು. ರೇಡಿಯೇಟರಿನ ಜಾಲರಿಗೆ ಸಿಕ್ಕಿಕೊಂಡ ಹುಳ ಹುಲ್ಲು ಕೆರೆದು ತೆಗೆಯುವಳು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತಿರುಗಿಸಿ ಒಳಗೆ ಬೆರಳು ಇಳಿಸುವಳು. ಬೆರಳಿಗೆ ನೀರು ತಗುಲಿದರೆ “ಬಾಯಾರಿಲ್ಲ” ಎನ್ನುವಳು. ತಗುಲದಿದ್ದರೆ “ಬಾಯಾರಿದೆ” ಎಂದು, ಸೋಸಿಟ್ಟ ಮಳೆನೀರು ಹೊಯ್ಯುವಳು. ಬೋರ್‌ವೆಲ್ಲಿನ ನೀರು ಮಾತ್ರ ಹಾಕುತ್ತಿರಲಿಲ್ಲ. ಕಾಸುವ ಪಾತ್ರೆಯಲ್ಲೇ ಬಿಳಿ ಪೊರೆ ಕಟ್ಟುವ ನೀರು ಎಂಜಿನ್ನಿನೊಳಗೆ ಸುಮ್ಮನಿರುತ್ತದೆಯೇ? ಇಷ್ಟೆಲ್ಲ ಆದ ಮೇಲೆ ಗಾಡಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯುವಳು. ಮನೆಯಲ್ಲವೇ ಮತ್ತೆ!

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಒಂದು ಪಟ್ಟಣದಲ್ಲಿ ಬಳೆಗಾರನಿಗೆ ಏನು ತಲೆಗೆ ಹೊಕ್ಕಿತೋ, ಗಾಡಿಗೆ ಒಂದು ಮೀಟರು ಹಾಕಿಸಿದ. ನೀರು ಎಷ್ಟು ಕಾದಿದೆ ಎಂದು ತೋರಿಸುವ ಮೀಟರು. ಅದರಲ್ಲಿ ಒಂದು ಮುಳ್ಳು. ಮುಳ್ಳು ಹಸಿರು ಕಡೆ ಇದ್ದರೆ ಕ್ಷೇಮ, ಕೆಂಪು ಕಡೆ ಹೋದರೆ ಅಪಾಯ.

“ಇನ್ನು ನಿನ್ನ ಬೆರಳು ಗಿರಳು ಬೇಡ ಕಣೇ. ಎಲ್ಲ ಇಲ್ಲೇ ಕಾಣಿಸುತ್ತೆ” ಎಂದ.

ಅವತ್ತಿಗೆ ಅವನ ನೆಮ್ಮದಿ ಹಾರಿಹೋಯಿತು. ರಸ್ತೆ ನೋಡುವುದು ಬಿಟ್ಟು ಮುಳ್ಳು ನೋಡತೊಡಗಿದ. ಮುಳ್ಳು ಕೂದಲೆಳೆಯಷ್ಟು ಏರಿದರೆ ಇವನ ಎದೆ ಡವಡವ. ಇಳಿದರೆ ಉಸಿರು ಬಿಡುವನು. ಮತ್ತೆ ಏರಿದರೆ ಹೆಂಡತಿಯ ಮೇಲೆ ರೇಗುವನು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಹಿಡಿದು ಎದ್ದು ಹೋಗಿ ಮೀಟರು ನೋಡಿ ಬರುವನು. ನಿಂತ ಗಾಡಿಯಲ್ಲಿ ಏನು ನೋಡುತ್ತಿದ್ದನೋ ಆ ಶಿವನೇ ಬಲ್ಲ. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರು ಅಳತೆ ಕೇಳಿದರೆ “ಹಸಿರಲ್ಲಿದೆ, ಹಸಿರಲ್ಲಿದೆ” ಎನ್ನುವನು. ಅವರು ಹಸಿರು ಬಳೆಯನ್ನೇ ತೊಡಿಸಿಕೊಂಡು ಹೋಗುವರು.

ನಗಬೇಡ. ಮುಂದೆ ಕೇಳು.

ಗೌರಿಹಬ್ಬ ಹತ್ತಿರ ಬಂತು. ಬಳೆಗಾರನಿಗೆ ಅದು ವರ್ಷದ ದೊಡ್ಡ ವ್ಯಾಪಾರ. ಘಟ್ಟದ ಮೇಲಿನ ಊರಿನ ಹೆಂಗಸರು ಬಾಗಿನಕ್ಕೆ ಬಳೆ ಬೇಕೆಂದು ಇವನಿಗಾಗಿ ಕಾಯುತ್ತಿದ್ದರು. ಸಂಜೆಯೊಳಗೆ ಅಲ್ಲಿ ಇರಬೇಕು. ಬೆಳಿಗ್ಗೆ ಹೆಂಡತಿ ಗಾಡಿಯ ಅಡಿಗೆ ಬಗ್ಗುವ ಮೊದಲೇ ಇವನು ಗಡಿಬಿಡಿಯಲ್ಲಿ ಬಿಂದಿಗೆ ಎತ್ತಿ ಗಾಡಿಯ ಮುಂದೆ ನೀರು ಸುರಿದುಬಿಟ್ಟ. “ತಗೋ, ಬೇಗ ರಂಗೋಲಿ ಮುಗಿಸು” ಎಂದ. ನೀರು ಎಂಜಿನ್ನಿನ ಅಡಿಗೂ ಹರಿಯಿತು. ನೆಲವೆಲ್ಲ ಒದ್ದೆ. ಯಾವುದು ಇವನು ಸುರಿದ ನೀರು, ಯಾವುದು ಎಂಜಿನ್ನಿನಿಂದ ಸೋರಿದ ನೀರು, ಹೇಗೆ ಗೊತ್ತಾಗಬೇಕು? ಎಂಜಿನ್ನಿನ ಕೆಳಗೆ ರಬ್ಬರ್ ಪೈಪು ಸಣ್ಣಗೆ ಬಾಯಿ ಬಿಟ್ಟಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

“ಮುಚ್ಚಳ ತೆಗೆದು ನೋಡುತ್ತೇನೆ, ಒಂದು ನಿಮಿಷ” ಎಂದಳು ಹೆಂಡತಿ.

“ಮುಳ್ಳು ಇರುವಾಗ ನೀನೇನು ನೋಡೋದು? ಹತ್ತು ಹತ್ತು!” ಎಂದ ಗಂಡ.

ಅವಳು ಹತ್ತಿದಳು. ಘಟ್ಟ ಶುರುವಾಯಿತು. ತಿರುವಿನ ಮೇಲೆ ತಿರುವು. ಮುಳ್ಳು ಏರತೊಡಗಿತು. ಇವನು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ ಇಟ್ಟು ಜೀವ ಕೈಯಲ್ಲಿ ಹಿಡಿದು ಓಡಿಸಿದ. ನಿಲ್ಲಿಸಿದರೆ ಸಂಜೆಯೊಳಗೆ ತಲುಪುವುದಿಲ್ಲ. ನಿಲ್ಲಿಸದಿದ್ದರೆ ಎಂಜಿನ್ ಏನಾಗುತ್ತದೋ. ನಿಲ್ಲಿಸೋಣ ಎಂದು ಬ್ರೇಕಿನ ಮೇಲೆ ಕಾಲಿಡುವನು, ಮುಂದಿನ ತಿರುವು ನೋಡೋಣ ಎಂದು ಕಾಲು ತೆಗೆಯುವನು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ತೋಚಲಿಲ್ಲ.

“ಏನೋ ಸೀದ ವಾಸನೆ ಬರ್ತಿದೆ, ನಿಲ್ಲಿಸಿ” ಎಂದು ಹೆಂಡತಿ ಹಿಂದಿನಿಂದ ಕೂಗಿದಳು.

ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳ್ಳು ಕೆಂಪಿಗೆ ಬಂತು. ಅಯ್ಯೋ, ಮುಗಿಯಿತು ನನ್ನ ಮನೆ ಅಂದುಕೊಂಡ. ನಿಲ್ಲಿಸಲು ಮನಸ್ಸು ಗಟ್ಟಿ ಮಾಡಿದ. ಕಾಲು ಬ್ರೇಕಿನ ಮೇಲೆ ಬಂತು. ಅಷ್ಟರಲ್ಲಿ ಮುಳ್ಳು ಅಲ್ಲಾಡಿತು. ಕೆಂಪು ಬಿಟ್ಟು ಈಚೆ ಬಂತು. ಇನ್ನೊಂದು ತಿರುವು ದಾಟುವಷ್ಟರಲ್ಲಿ ಹಸಿರಿಗೆ ಇಳಿಯಿತು. ಆಮೇಲೆ ಇನ್ನೂ ಕೆಳಗೆ ಇಳಿದು ಸುಮ್ಮನೆ ಮಲಗಿತು. ಮೀಟರು ಹಾಕಿಸಿದಾಗಿನಿಂದ ಗಾಡಿ ಓಡುವಾಗ ಅದು ಅಷ್ಟು ಕೆಳಗೆ ಇಳಿದದ್ದನ್ನು ಇವನು ಕಂಡಿರಲಿಲ್ಲ.

“ಆರಿತು ಕಣೇ! ಆರಿತು!” ಎಂದು ಬಳೆಗಾರ ಕೂಗಿದ. ಹೋದ ಜೀವ ಬಂದಂತಾಯಿತು. ಅಂದು ಮೊದಲ ಸಲ ಬೆನ್ನು ಸೀಟಿಗೆ ಒರಗಿಸಿ ಕೂತ. ಸಣ್ಣಗೆ ಸಿಳ್ಳೆ ಕೂಡ ಹಾಕಿದನಂತೆ.

“ಆರಿದ್ದರೆ ಒಳ್ಳೇದೇ. ಒಂದು ಸಲ ನಿಲ್ಲಿಸಿ, ನೋಡಿಬಿಡೋಣ” ಎಂದಳು ಹೆಂಡತಿ.

“ಕುದಿಯುವಾಗಲೂ ನಿಲ್ಲಿಸು ಅಂತೀಯ, ಆರಿದ ಮೇಲೂ ನಿಲ್ಲಿಸು ಅಂತೀಯ! ನಿನಗೆ ನನ್ನ ನೆಮ್ಮದಿ ಕಂಡರೆ ಆಗದು” ಎಂದು ಗದರಿ ಅವನು ಆಕ್ಸಿಲರೇಟರ್ ತುಳಿದ.

ಎಂಜಿನ್ ಒಳಗಿನಿಂದ ಕಟಕಟ ಅಂತು. ಆಮೇಲೆ ಕರ್ರ್ ಅಂತು. ಆಮೇಲೆ ಕಚ್ಚಿಕೊಂಡು ನಿಂತುಬಿಟ್ಟಿತು. ಗಾಡಿ ಜಗ್ಗಿದ ರಭಸಕ್ಕೆ ಒಳಗೆ ತೂಗುಹಾಕಿದ್ದ ಬಳೆಗಳೆಲ್ಲ ಕೆಳಗೆ ಬಿದ್ದವು. ಬಳೆಗಾರ ಕೀಲಿ ತಿರುಗಿಸಿದ, ಮತ್ತೆ ತಿರುಗಿಸಿದ. ಎಂಜಿನ್ ಕಲ್ಲಾಗಿತ್ತು. ಅವನು ಮೀಟರು ನೋಡಿದ. ಮುಳ್ಳು ತಣ್ಣಗೆ ಹಸಿರಿನ ಕೆಳಗೇ ಮಲಗಿತ್ತು.

ಹೆಂಡತಿ ಕೆಳಗಿಳಿದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದಳು. ಇವನು ಮೆಲ್ಲಗೆ ಅವಳ ಹಿಂದೆ ಹೋದ. ಎರಡು ತಿರುವಿನ ಕೆಳಗೆ ರಸ್ತೆಯ ಮೇಲೆ ಒಂದು ಒದ್ದೆ ಗೆರೆ ಕಾಣಿಸಿತು. ಅದು ಘಟ್ಟದ ಬುಡದಿಂದಲೂ ಗಾಡಿಯ ಹಿಂದೆಯೇ ಬಂದಿತ್ತು. ಇವನು ಆರಿತು ಆರಿತು ಎಂದು ಕುಣಿದ ಜಾಗದಲ್ಲಿ ಅದು ಮುಗಿದಿತ್ತು. ಅಲ್ಲಿಂದ ಮೇಲಕ್ಕೆ ರಸ್ತೆ ಒಣ.

ಇಬ್ಬರೂ ಗಾಡಿಯ ಹತ್ತಿರ ಬಂದು ಬಹಳ ಹೊತ್ತು ಕಾದರು. ಆಮೇಲೆ ಅವಳು ದಪ್ಪ ಬಟ್ಟೆ ಹಿಡಿದು ಮುಚ್ಚಳ ತೆಗೆದಳು. ಹಬೆ ಕೂಡ ಬರಲಿಲ್ಲ. ಸೌಟಿನ ಹಿಡಿಯನ್ನು ಒಳಗೆ ಇಳಿಸಿ ಎತ್ತಿದಳು. ಹನಿ ನೀರಿಲ್ಲ.

“ಆರಿದೆ” ಎಂದಳು.

ನಮ್ಮ ಭಾಷೆಯ ತರಲೆ ನೋಡು. ಬಿಸಿ ಹೋದರೂ ಆರಿತು. ನೀರು ಬತ್ತಿದರೂ ಆರಿತು. ದೀಪ ನಂದಿದರೂ ಆರಿತು. ಗಂಡ ಆಡಿದ ಮಾತನ್ನೇ ಹೆಂಡತಿಯೂ ಆಡಿದಳು. ಅವನ ಬಾಯಲ್ಲಿ ಅದು ಸಂಭ್ರಮವಾಗಿತ್ತು. ಅವಳ ಬಾಯಲ್ಲಿ ಕೇಳಿದಾಗ ಅವನು ರಸ್ತೆಯ ಅಂಚಿನಲ್ಲಿ ಕುಸಿದು ಕೂತು ಮಗುವಿನಂತೆ ಅತ್ತ. ಆ ಎಂಜಿನ್ ಮತ್ತೆ ಹೊರಳಲಿಲ್ಲ. ಅಷ್ಟು ಹಳೆಯ ಗಾಡಿಗೆ ಹೊಸ ಎಂಜಿನ್ ಎಲ್ಲಿ ಹುಡುಕುತ್ತಾರೆ? ಒಡೆಯದೆ ಉಳಿದ ಬಳೆಗಳನ್ನು ಮಲಾರ ಕಟ್ಟಿ ಇವನು ಹೆಗಲಿಗೆ ಏರಿಸಿಕೊಂಡ. ದೇವರ ಪಟ, ಎರಡು ಪಾತ್ರೆ ಅವಳು ಗಂಟು ಕಟ್ಟಿದಳು. ಮನೆಯನ್ನು ಘಟ್ಟದ ತಿರುವಿನಲ್ಲಿ ಬಿಟ್ಟು ಇಬ್ಬರೂ ನಡೆದುಕೊಂಡು ಹೋದರು. ಮುಗಿಯಿತು ಕತೆ.

ಗುರುಗಳು ಮತ್ತೆ ಓಡಾಡಲು ಶುರು ಮಾಡಿದರು. ಮರಿಬಸವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಸಲ ಎದ್ದ, ಮತ್ತೆ ಕೂತ.

“ಮುಳ್ಳು ಕೆಟ್ಟಿತ್ತೇ, ಬುದ್ಧಿ?”

“ಮುಳ್ಳು ಯಾಕೆ ಕೆಡುತ್ತದೆ? ಅದಕ್ಕೆ ಎಂಜಿನ್ನಿನ ಸುದ್ದಿ ಗೊತ್ತಿಲ್ಲವೋ ಪುಣ್ಯಾತ್ಮ, ನೀರಿನ ಸುದ್ದಿ ಮಾತ್ರ ಗೊತ್ತು. ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ನೀರು ಕಾದರೆ ಏರುತ್ತದೆ. ನೀರೇ ಬತ್ತಿಹೋದರೆ ಅದು ಏನು ಹೇಳಬೇಕು? ಸುಮ್ಮನೆ ಮಲಗುತ್ತದೆ. ಅದು ಮಲಗಿದ್ದನ್ನು ಕಂಡು ಅವನು ಕ್ಷೇಮ ಅಂದುಕೊಂಡ. ಕೆಂಪಿನಲ್ಲಿದ್ದಾಗ ನಿಲ್ಲಿಸಿದ್ದರೆ ಪೈಪು ಕಟ್ಟಿ, ನೀರು ಹೊಯ್ದು, ಗಾಡಿ ಉಳಿಸಿಕೊಳ್ಳಬಹುದಿತ್ತು.”

ಮರಿಬಸವ ತಲೆ ತಗ್ಗಿಸಿದ.

“ಮನಸ್ಸು ತಣಿಸುವುದನ್ನು ಕಲಿಯಬೇಕು ಅಂತಲೇ ಅಲ್ಲವೇ ಬುದ್ಧಿ, ನಾನು ನಿಮ್ಮ ಹತ್ತಿರ ಬಂದದ್ದು?”

“ಎದ್ದು ತಂಗಿಯ ಹಿಂದೆ ಹೋಗು; ಕುದಿಯುವಷ್ಟು ನೀರು ನಿನ್ನಲ್ಲಿ ಇನ್ನೂ ಉಳಿದಿದ್ದರೆ ವಾಪಸು ಬಾ, ತಣಿಸುವುದನ್ನು ಆಮೇಲೆ ಕಲಿಸುತ್ತೇನೆ.”