ಬಾಲ ಅಲುಗಿಸಿದ ಕುದುರೆ

ಕಂಪ್ಯೂಟರಿನೊಳಗಿನ ಹಳೆಯ ಫ್ಯಾನಿಗೆ ಅಂದು ಸಿಟ್ಟು ನೆತ್ತಿಗೇರಿತ್ತು. ಹೊಸದಾಗಿ ಬಂದ ಕುದುರೆಯೋಟದ ಗೇಮಿಗಾಗಿ ಅದು ಏದುಸಿರು ಬಿಡುತ್ತಾ ತಿರುಗುತ್ತಿದ್ದರೂ, ಕುದುರೆ ಮಾತ್ರ ಹಳ್ಳ ಹಾರುವಾಗಲೆಲ್ಲ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

“ನಿನ್ನ ಯೋಗ್ಯತೆಯೇ ಇಷ್ಟು!” ಎಂದು ಗೇಮು ಫ್ಯಾನನ್ನೇ ಗದರಿತು. “ನನ್ನ ಕುದುರೆಯ ಬಾಲದಲ್ಲಿ ಒಂದೊಂದು ಕೂದಲೂ ಬೇರೆಬೇರೆಯಾಗಿ ಅಲುಗುತ್ತದೆ, ಗೊತ್ತೇ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಾಲ ಅಲುಗಿದರೆ ಸಾಕೇ? ಕಾಲು ಅಲುಗಬೇಡವೇ?” ಎಂದು ಫ್ಯಾನು ಗುಡುಗಿತು.

ನಾಲ್ಕನೆಯ ಸಲವೂ ಕುದುರೆ ನಿಂತದ್ದೇ ತಡ, ಆಡುತ್ತಿದ್ದ ಮಂದಾಕಿನಿ ಮೌಸನ್ನು ಅತ್ತ ತಳ್ಳಿ ಎದ್ದಳು. ತಂಗಿಯನ್ನು ಕರೆದು ನೆಲದ ಮೇಲೆ ಚೌಕಾಬಾರದ ಮನೆ ಬರೆದು ಕವಡೆ ಹಾಕಿದಳು.

“ಆ ಬೋಳು ಕವಡೆಗೆ ಒಂದು ಕೂದಲಾದರೂ ಇದೆಯೇ?” ಎಂದು ಗೇಮು ಕಿರುಚಿತು.

“ಇಲ್ಲ,” ಎಂದಿತು ಫ್ಯಾನು. “ಆದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ.”