ಜಿಂಕೆಯ ಮೈಮೇಲೆ ಸುಣ್ಣ ಬಿದ್ದ ಸಂಜೆ

ಜಗತ್ತು ಆಗ ಹೊಸದು. ಬೆಟ್ಟಗಳ ತುದಿ ಇನ್ನೂ ಸವೆದಿರಲಿಲ್ಲ. ನದಿಗೆ ತನ್ನ ತಿರುವುಗಳು ಬಾಯಿಪಾಠವಾಗಿರಲಿಲ್ಲ. ಗಾಳಿ ಎತ್ತ ಹೋಗಬೇಕೆಂದು ಮರಗಳನ್ನು ಕೇಳಿಕೊಂಡು ಬೀಸುತ್ತಿತ್ತು. ಜಿಂಕೆಗಳೆಲ್ಲ ಒಣಹುಲ್ಲಿನ ಬಣ್ಣಕ್ಕಿದ್ದವು, ಮೈಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

ಇಡೀ ಲೋಕಕ್ಕೆ ಇದ್ದದ್ದು ಒಂದೇ ರಸ್ತೆ, ಒಂದೇ ಗಾಡಿ. ಗಾಡಿ ಹೊಡೆಯುವವನ ಹೆಸರು ಜವರಯ್ಯ. ತನ್ನಷ್ಟು ಚೆನ್ನಾಗಿ ಗಾಡಿ ಹೊಡೆಯುವವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ನಿಜವೇ ಆಗಿತ್ತು.

ರಸ್ತೆ ಕಾಡಿನ ನಡುವೆ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡುವಾಗ ಕಾಡಿನ ಹಿರಿಯಳಾದ ಆನೆಯಮ್ಮ ಒಂದೇ ಮಾತು ಹೇಳಿದ್ದಳು. "ಅಡ್ಡ ದಾಟುವವರ ಜೀವ ಹೋದರೆ ಅಂದೇ ಹುಲ್ಲಿಗೆ ಹೇಳಿ ರಸ್ತೆ ಮುಚ್ಚಿಸ್ತೀನಿ. ಗೊತ್ತಾಯ್ತಾ?"

ಜವರಯ್ಯ ತಲೆಯಾಡಿಸಿದ್ದ. ತಲೆಯಾಡಿಸುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ.

ಒಂದು ದಿನ ಅವನು ಕಾಡಿನಾಚೆಯ ಸುಣ್ಣದ ಗೂಡಿಗೆ ಹೋದ. ಮಗಳು ದೇವೀರಮ್ಮನ ಮದುವೆ ಹತ್ತಿರ ಬಂದಿತ್ತು, ಮನೆಯ ಗೋಡೆಗೆ ಸುಣ್ಣ ಬಳಿಯಬೇಕಿತ್ತು. ಗಂಡಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಬರಬೇಕಾದದ್ದೂ ಇದೇ ರಸ್ತೆಯಲ್ಲಿ. ಕಲಸಿದ ಸುಣ್ಣವನ್ನು ಗಡಿಗೆಗಳಿಗೆ ತುಂಬಿಸಿ, ಬುತ್ತಿ ಬಿಚ್ಚಿ ಉಂಡು, ಅರೆಗಳಿಗೆ ಕಣ್ಣು ಮುಚ್ಚೋಣವೆಂದು ಮರದಡಿ ಮಲಗಿದ. ಎದ್ದಾಗ ಹೊತ್ತು ಇಳಿದಿತ್ತು.

ಹೊತ್ತು ಕಳೆದದ್ದು ನಿದ್ದೆಯಲ್ಲಿ. ಅದನ್ನು ಜವರಯ್ಯ ರಸ್ತೆಯಲ್ಲಿ ವಸೂಲು ಮಾಡಲು ಹೊರಟ.

"ಸ್ವಲ್ಪ ನಿಧಾನ," ಎಂದಿತು ಎಡಗಡೆಯ ಎತ್ತು ಕೆಂದ. "ಇದು ಕಾಡಿನವರೆಲ್ಲ ನೀರಿಗೆ ಇಳಿಯೋ ಹೊತ್ತು."

"ನೀನು ಎಳಿ. ನೋಡೋದು ನನ್ನ ಕೆಲಸ," ಎಂದ ಜವರಯ್ಯ.

ಅವನು ನೋಡುತ್ತಲೇ ಇದ್ದ. ಮುಂದೆ ಒಂದು ಜಿಂಕೆ ರಸ್ತೆಯ ಅಂಚಿಗೆ ಬಂದದ್ದನ್ನೂ ನೋಡಿದ. ಹಗ್ಗ ಎಳೆದು ಗಾಡಿ ನಿಲ್ಲಿಸಿದ. ಜಿಂಕೆ ಅತ್ತ ನೋಡಿತು, ಇತ್ತ ನೋಡಿತು, ದಾಟಿತು. ಜವರಯ್ಯನಿಗೆ ತನ್ನ ಸೌಜನ್ಯದ ಬಗ್ಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಎತ್ತುಗಳ ಬೆನ್ನು ತಟ್ಟಿ "ಹೊಯ್!" ಎಂದ. ಗಾಡಿ ಓಡಿತು.

ಆಗ ಹುಲ್ಲಿನಿಂದ ಮರಿ ಬಂತು.

ಜವರಯ್ಯ ಗಾಡಿಗೆ ಕಟ್ಟಿದ್ದ ಗಂಟೆಯನ್ನು ಜೋರಾಗಿ ಬಾರಿಸಿದ. ಮರಿ ಅಂಥ ಸದ್ದನ್ನು ಕೇಳಿದ್ದೇ ಮೊದಲು. ಏನಿದು ಎಂದು ನೋಡಲು ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಅವನು ಗಾಡಿಯನ್ನು ಪಕ್ಕಕ್ಕೆ ಎಳೆದ. ಚಕ್ರ ಕಲ್ಲಿಗೆ ಹತ್ತಿತು, ಗಾಡಿ ವಾಲಿತು, ಗಾಡಿಯ ಮುಂದೆ ಚಾಚಿದ್ದ ಮೂಕಿಮರ ಮರಿಯ ಪಕ್ಕೆಗೆ ತಗುಲಿತು. ಮೇಲಿನ ಗಡಿಗೆಯೊಂದು ಉರುಳಿ ಸುಣ್ಣವೆಲ್ಲ ಮರಿಯ ಮೇಲೆ ಚಿಮ್ಮಿತು. ಮರಿ ಬಿತ್ತು. ಏಳಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಯಾರೂ ಇಲ್ಲದಿದ್ದ ಜಾಗದಲ್ಲಿ ಈಗ ಎಲ್ಲರೂ ಇದ್ದರು.

"ನಾನು ಕಣ್ಣಾರೆ ನೋಡಿದೆ," ಎಂದಿತು ಕೋತಿ. ಅದು ಆಗ ಆಚೆ ಮರದಲ್ಲಿ ಬೆನ್ನು ಹಾಕಿ ಕೂತಿತ್ತು.

"ತಪ್ಪು ಮರೀದೇ. ಈ ಕಾಲದ ಮರಿಗಳು ನೋಡಿ ನಡೆಯೋದೇ ಇಲ್ಲ," ಎಂದಿತು ನರಿ. ಆ ಕಾಲವೇ ಮೊದಲನೆಯ ಕಾಲವಾಗಿತ್ತು.

"ಯಾರಾದರೂ ನೀರು ತನ್ನಿ," ಎಂದಿತು ಗಾಳಿ.

"ತರಬಹುದಿತ್ತು, ಮೇಲಕ್ಕೆ ಹರಿಯೋ ಅಭ್ಯಾಸ ನನಗಿಲ್ಲ," ಎಂದಿತು ಕೆಳಗಿನಿಂದ ನದಿ.

ಅಷ್ಟರಲ್ಲಿ ಆನೆಯಮ್ಮ ಬಂದಳು. ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಎಷ್ಟು ಜೋರಾಗಿ ಬಂದೆ, ಜವರಯ್ಯ?"

"ನಿಧಾನವಾಗೇ ಬಂದೆ, ತಾಯಿ."

"ನನ್ನ ನಾಲಿಗೆ ನೋಡಿ," ಎಂದು ಕೆಂದ ನಾಲಿಗೆ ಹೊರಚಾಚಿ ತೇಕಿ ತೋರಿಸಿತು.

ಆನೆಯಮ್ಮ ಕೆಂದನನ್ನೂ ನೋಡಿದಳು, ಜವರಯ್ಯನನ್ನೂ ನೋಡಿದಳು. "ಕತ್ತಲಾಗೋದರೊಳಗೆ ಮರಿ ಎದ್ದರೆ ರಸ್ತೆ ಇರುತ್ತೆ. ಏಳದಿದ್ದರೆ ಇಲ್ಲ," ಎಂದಳು. ರಸ್ತೆಯ ಎರಡೂ ಬದಿಯ ಹುಲ್ಲು ಆಗಲೇ ಒಂದು ಗೇಣು ಮುಂದೆ ಬಂದು ನಿಂತಿತು.

ಜವರಯ್ಯ ಮೊದಲು ದಿಬ್ಬಣವನ್ನು ನೆನೆದ. ಆಮೇಲೆ ಮರಿಯ ಕಣ್ಣು ನೋಡಿದ. ಕಣ್ಣಿನ ಸುತ್ತ ಸುಣ್ಣ ಮೆತ್ತಿಕೊಂಡಿತ್ತು. ಅವನು ತಲೆಯ ರುಮಾಲು ಬಿಚ್ಚಿಕೊಂಡು ನದಿಗೆ ಓಡಿದ, ಅದ್ದಿಕೊಂಡು ಬಂದು ಹಿಂಡಿದ, ಮತ್ತೆ ಓಡಿದ. ಕಣ್ಣು, ಮೂಗು, ಬಾಯಿ ತೊಳೆದ. ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ನಡುವೆಯೇ ಕೂತ. ದಿಬ್ಬಣ ಮರೆತೇಹೋಯಿತು.

ತಾಯಿ ಜಿಂಕೆ ಎದುರಿಗೆ ಬಂದು ನಿಂತಿತು.

"ನಾನು ನಿಂತಿದ್ದೆನಲ್ಲಮ್ಮ," ಎಂದ ಜವರಯ್ಯ. "ನೀನು ದಾಟೋವರೆಗೂ ನಿಂತಿದ್ದೆ."

"ನನ್ನ ಹಿಂದೆ ಯಾರೂ ಇಲ್ಲ ಅಂತ ನಿನಗೆ ಯಾರು ಹೇಳಿದರು?"

"ತಾಯಿ ದಾಟಿದಳು ಅಂದರೆ ಮಗುವೂ ದಾಟಿತು ಅಂತಲೇ ಅಲ್ಲವಾ? ನಮ್ಮಲ್ಲಿ ಮಗುವಿನ ಕೈ ಹಿಡ್ಕೊಂಡೇ ದಾಟೋದು."

ತಾಯಿ ಜಿಂಕೆ ತನ್ನ ಮುಂಗಾಲನ್ನು ಎತ್ತಿ ಅವನ ಮುಖದ ಮುಂದೆ ಹಿಡಿಯಿತು. "ಇದರಲ್ಲಿ ಯಾವ ಕೈ ಹಿಡೀಲಿ ಹೇಳು. ನಮ್ಮಲ್ಲಿ ದೊಡ್ಡವರು ಮೊದಲು ದಾಟಿ ನೆಲ ನೋಡ್ತಾರೆ. ಹುಲಿ ಇದ್ದರೆ ಮೊದಲು ನನಗೆ ಸಿಗಲಿ ಅಂತ. ಏನೂ ಆಗದಿದ್ದರೆ ಮಕ್ಕಳು ಬರ್ತವೆ."

ಜವರಯ್ಯ ಆ ಗೊರಸನ್ನು ನೋಡಿದ. ಮರಿಯ ಎದೆಯ ಮೇಲೆ ಕೈಯಿಟ್ಟು ಕೂತ. ಬೆಳಕು ಮರದ ತುದಿಗೆ ಏರಿತು. ಹುಲ್ಲು ಇನ್ನೊಂದು ಗೇಣು ಮುಂದೆ ಬಂತು.

ಆಗ ಮೂಗಿನೊಳಗೆ ಉಳಿದಿದ್ದ ಸುಣ್ಣಕ್ಕೆ ಮರಿ ಒಂದು ಸೀನು ಸೀನಿತು. ಅದರ ಹಿಂದೆಯೇ ಇನ್ನೊಂದು. ಕಾಲು ಕೊಡವಿತು, ಜವರಯ್ಯನ ಹೊಟ್ಟೆಗೆ ಒಂದು ಒದೆ ಕೊಟ್ಟು ಎದ್ದು ನಿಂತಿತು. ಜನ್ಮದಲ್ಲಿ ಅವನಿಗೆ ಅಷ್ಟು ಹಿತವಾದ ಒದೆ ಬಿದ್ದಿರಲಿಲ್ಲ.

ತಾಯಿ ಮರಿಯನ್ನು ನೆಕ್ಕಿತು. ಬೆನ್ನ ಮೇಲೆ ಒಣಗಿದ್ದ ಸುಣ್ಣದ ಹನಿಗಳು ಮಾತ್ರ ಹೋಗಲಿಲ್ಲ.

"ಇವತ್ತಿಗಾಯ್ತು. ನಾಳೆಗೇನು?" ಎಂದಳು ಆನೆಯಮ್ಮ.

ಜವರಯ್ಯ ಮರಿಯನ್ನೇ ನೋಡಿದ. ಬಿಳಿ ಚುಕ್ಕಿಗಳು ಮಸುಕು ಬೆಳಕಿನಲ್ಲೂ ಎದ್ದು ಕಾಣುತ್ತಿದ್ದವು. "ಇವರೆಲ್ಲ ಒಣಹುಲ್ಲಿನ ಬಣ್ಣ, ಅದಕ್ಕೇ ಕಾಣಿಸಲ್ಲ. ಎಲ್ಲರಿಗೂ ಚುಕ್ಕಿ ಇಟ್ಟುಬಿಟ್ಟರೆ ದೂರದಿಂದಲೇ ಕಾಣ್ತಾರೆ," ಎಂದ. ಉಳಿದ ಗಡಿಗೆಗಳನ್ನು ಇಳಿಸಿದ. ಜಿಂಕೆಗಳು ಸಾಲಾಗಿ ಬಂದವು, ಅವನು ನಾರಿನ ಕುಂಚದಲ್ಲಿ ಒಂದೊಂದರ ಮೈಮೇಲೂ ಚುಕ್ಕಿ ಇಟ್ಟ. ಕೊನೆಗೆ ತಳದಲ್ಲಿ ಮಿಕ್ಕಿದ್ದನ್ನು ಬಾಲದ ಅಡಿಗೆ ಬಳಿದ. "ಓಡುವಾಗ ಬಾಲ ಎತ್ತು. ಹಿಂದಿರೋ ಮರಿಗೆ ದಾರಿ ಕಾಣುತ್ತೆ," ಎಂದು ತಾಯಿಗೆ ಹೇಳಿದ.

ಅವನು ಖಾಲಿ ಗಡಿಗೆಗಳೊಂದಿಗೆ ಮನೆ ಸೇರಿದ. ಹೆಂಡತಿ ಹೊನ್ನಾಜಮ್ಮ ಗಾಡಿಯೊಳಗೆ ಇಣುಕಿ, "ಸುಣ್ಣ ಎಲ್ಲಿ?" ಎಂದಳು.

"ಜಿಂಕೆಗಳಿಗೆ ಬಳಿದೆ."

ಹೊನ್ನಾಜಮ್ಮ ಗಡಿಗೆಗಳನ್ನು ಒಂದೊಂದಾಗಿ ಬೋರಲು ಹಾಕಿ ನೋಡಿದಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಮರುದಿನ ಅವನು ಮತ್ತೆ ಸುಣ್ಣಕ್ಕೆ ಹೊರಟ, ತನ್ನ ಉಪಾಯದ ಚಂದ ನೋಡಿಕೊಂಡು ಬರೋಣವೆಂದು. ಬಿಸಿಲು ಎಲೆಗಳ ಸಂದಿಯಿಂದ ತೂರಿ ನೆಲದ ತುಂಬ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಜಿಂಕೆಗಳು ಎಲ್ಲೂ ಕಾಣಲಿಲ್ಲ.

"ಎಲ್ಲಿ ಹೋದರೋ ಇವರೆಲ್ಲ?" ಎಂದ.

"ಎದುರಿಗೇ ಇದೀವಿ," ಎಂದಿತು ತಾಯಿ ಜಿಂಕೆ, ಎದುರಿನ ಮರದಡಿಯಿಂದ. ಬಿಸಿಲಿನ ಚುಕ್ಕಿ ಯಾವುದು, ಸುಣ್ಣದ ಚುಕ್ಕಿ ಯಾವುದು ಅಂತ ಹೇಳುವುದು ಯಾರಿಂದಲೂ ಆಗುವಂತಿರಲಿಲ್ಲ. "ಬಹಳ ಉಪಕಾರವಾಯ್ತು ಜವರಯ್ಯ. ಹುಲಿಗೂ ಕಾಣ್ತಾ ಇಲ್ಲ."

ಆನೆಯಮ್ಮ ಬಿದಿರು ಮುರಿಯುತ್ತ ನಿಂತಿದ್ದಳು. "ಇನ್ನೇನು ಬಳೀತೀಯ?" ಎಂದಳು.

"ಏನೂ ಬಳಿಯಲ್ಲ, ತಾಯಿ," ಎಂದ ಜವರಯ್ಯ. "ಇನ್ನು ಮೇಲೆ ಒಂದು ದಾಟಿದ ಮೇಲೂ ನಿಲ್ತೀನಿ."

ಈ ಸಲ ಅವನು ತಲೆಯಾಡಿಸಲಿಲ್ಲ. ಎತ್ತುಗಳ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು ಕೂತ. ತಾಯಿ ಜಿಂಕೆ ಬಿಳಿ ಬಾಲ ಎತ್ತಿಕೊಂಡು ದಾಟಿತು. ರಸ್ತೆ ಖಾಲಿಯಾಯಿತು. ಜವರಯ್ಯ ಕದಲಲಿಲ್ಲ. ಕೆಂದ ಒಮ್ಮೆ ಹಿಂತಿರುಗಿ ನೋಡಿ ಮೆಲುಕು ಹಾಕತೊಡಗಿತು. ಆಮೇಲೆ ಹುಲ್ಲು ಅಲ್ಲಾಡಿತು, ಮರಿ ಹೊರಗೆ ಬಂತು.

ಅದಕ್ಕೇ ಇಂದಿಗೂ ಜಿಂಕೆಯ ಮೈತುಂಬ ಬಿಳಿ ಚುಕ್ಕಿಗಳಿವೆ, ಓಡುವಾಗ ಅದರ ಬಾಲ ಮೇಲಕ್ಕೇಳುತ್ತದೆ; ಕಾಡಿನ ರಸ್ತೆಯಲ್ಲಿ ಜಿಂಕೆಯೊಂದು ದಾಟಿ ಹೋದ ಮೇಲೂ ಬಸ್ಸಿನ ಡ್ರೈವರು ಹಾರನ್ ಮುಟ್ಟದೆ, ಬ್ರೇಕಿನ ಮೇಲಿನ ಕಾಲು ತೆಗೆಯದೆ, ಹಿಂದಿನ ಸೀಟಿನವರು "ಹೋಗ್ರೀ, ದಾಟಿತಲ್ಲ" ಎಂದು ಕೂಗುತ್ತಿದ್ದರೂ, ಯಾರೂ ಇಲ್ಲದ ರಸ್ತೆಯನ್ನು ನೋಡುತ್ತ ಇನ್ನಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾನೆ.