ಹಲ್ಲಿಯ ಸಾಕ್ಷಿ

ಬಿಡಿಭಾಗಗಳ ಅಂಗಡಿಯಲ್ಲಿ ಮಿರಮಿರ ಮಿಂಚುತ್ತಿದ್ದ ಕಾರಿನ ಫೈಬರ್ ಬಾನೆಟ್ಟಿಗೆ ಒಂದೇ ದಿಗಿಲು: ಯಾರಾದರೂ ಬೆರಳಿಂದ ಕುಟ್ಟಿದರೆ ಒಳಗಿನ ಪೊಳ್ಳು ಬಯಲಾಗುತ್ತದೆ. ಗಿರಾಕಿ ಚಂಪಕ್ಕ ಬರುವುದನ್ನು ಕಂಡು ಅದು ಗೋಡೆಯ ಹಲ್ಲಿಯನ್ನು ಬೇಡಿಕೊಂಡಿತು.

"ಹಲ್ಲಿಯವರೇ, ಮಾಲೀಕ ನನ್ನನ್ನು ಗಟ್ಟಿ ಎಂದೊಡನೆ ಲೊಚಗುಟ್ಟಿಬಿಡಿ. ನೀವು ನುಡಿದ ಮೇಲೆ ಯಾರೂ ಪರೀಕ್ಷಿಸುವುದಿಲ್ಲ."

"ಸುಳ್ಳಿಗೆ ಸಾಕ್ಷಿಯೇ?"

"ನನ್ನ ಹೊಳಪಿಗೆ ಬರುವ ಹುಳುವೆಲ್ಲ ನಿಮಗೇ. ಮಾನ ಉಳಿಸಿ!"

ಹಲ್ಲಿ ಒಪ್ಪಿತು.

"ಇದು ಕಲ್ಲಿನಷ್ಟು ಗಟ್ಟಿ, ಅಕ್ಕಾ," ಎಂದ ಮಾಲೀಕ. ಹಲ್ಲಿ ಲೊಚಗುಟ್ಟಿತು.

ಚಂಪಕ್ಕನ ಮುಖ ಅರಳಿತು. ಹಲ್ಲಿ ನುಡಿದಾಗಲೆಲ್ಲ ಮಾಡುವಂತೆ, "ಕೃಷ್ಣ, ಕೃಷ್ಣ!" ಎನ್ನುತ್ತ ಕೈಗೆ ಸಿಕ್ಕಿದ್ದನ್ನು ಬೆರಳಿಂದ ಕುಟ್ಟಿದಳು. ಸಿಕ್ಕಿದ್ದು ಬಾನೆಟ್ಟೇ. ಒಡಕು ಮಡಕೆಯ ದನಿಯಲ್ಲಿ ಅದು ತಾನೇ ನಿಜ ಹೇಳಿಬಿಟ್ಟಿತು.